ತಾಳದ ಆಟ ಮನೆಗೆ ಒಪ್ಪುತ್ತದೆಯೆ?

ಸಂಗೀತದ ವಿಡಿಯೊ ಗೇಮ್ ಎಂದರೆ ಹಾಡಿನ ಲಯಕ್ಕೆ ಸರಿಯಾಗಿ ಗುಂಡಿ ಒತ್ತುವ, ಹೆಜ್ಜೆ ಇಡುವ, ಕೈ ಬೀಸುವ ಇಲ್ಲವೆ ದನಿಗೂಡಿಸುವ ಆಟ. ಅನೇಕ ಆಟಗಳಲ್ಲಿ ಪರದೆಯ ಮೇಲಿನಿಂದ ಬಣ್ಣದ ಗುರುತುಗಳು ಇಳಿಯುತ್ತವೆ. ಗುರುತು ಒಂದು ಗೆರೆಯನ್ನು ಮುಟ್ಟುವ ಹೊತ್ತಿಗೆ ಬೆರಳು ಬಿದ್ದರೆ ಅಂಕ ಸಿಗುತ್ತದೆ, ತಪ್ಪಿದರೆ ವಾದ್ಯದ ದನಿ ಅಷ್ಟು ಹೊತ್ತು ನಿಂತುಹೋಗುತ್ತದೆ. ನಿಯಮ ಇಷ್ಟು ಸರಳವಾದ್ದರಿಂದ ಎಂಟು ವರ್ಷದ ಮೊಮ್ಮಗಳೂ ಅರುವತ್ತು ದಾಟಿದ ಅಜ್ಜಿಯೂ ಒಂದೇ ಹಾಡಿಗೆ ಜೊತೆಯಾಗಬಹುದು. ಬೇರೆ ಜಾತಿಯ ಗೇಮ್‌ಗಳಲ್ಲಿ ಇದು ಅಪರೂಪ. ಬಂದೂಕಿಲ್ಲ, ರಕ್ತವಿಲ್ಲ ಎಂಬ ಕಾರಣಕ್ಕೆ ತಂದೆತಾಯಿ ಇದನ್ನು ಹೆಚ್ಚು ವಿಚಾರಿಸದೆ ಮನೆಯೊಳಗೆ ಬಿಟ್ಟುಕೊಳ್ಳುವುದೂ ಉಂಟು. ವಿಚಾರಿಸಬೇಕಾದ ಸಂಗತಿಗಳಂತೂ ಇವೆ.

ಈ ಆಟದ ಹುಟ್ಟು ಜಪಾನಿನದು. 1996ರಲ್ಲಿ ಪ್ಲೇಸ್ಟೇಷನ್‌ಗೆ ಬಂದ ‘ಪರಪ್ಪ ದ ರ‍್ಯಾಪರ್’ ಈ ಬಗೆಗೆ ದಾರಿ ಹಾಕಿತು. 1998ರಲ್ಲಿ ಕೊನಾಮಿ ಕಂಪನಿಯ ‘ಡಾನ್ಸ್ ಡಾನ್ಸ್ ರೆವಲ್ಯೂಷನ್’ ಬಾಣದ ಗುರುತಿನ ಹಲಗೆಯ ಮೇಲೆ ಹುಡುಗರನ್ನು ಕುಣಿಸಿತು. ಆ ಕುಣಿತದ ಚಾಪೆಗಳನ್ನು ಮನೆಬಳಕೆಗೆ ಮಾರುತ್ತಿದ್ದ ಕ್ಯಾಲಿಫೋರ್ನಿಯದ ರೆಡ್‌ಆಕ್ಟೇನ್, ಹಾರ್ಮೊನಿಕ್ಸ್ ಎಂಬ ತಂಡದೊಡನೆ ಕೂಡಿ 2005ರ ನವೆಂಬರಿನಲ್ಲಿ ‘ಗಿಟಾರ್ ಹೀರೋ’ ತಂದಿತು. ಐದು ಬಣ್ಣದ ಗುಂಡಿಗಳ ಪ್ಲಾಸ್ಟಿಕ್ ಗಿಟಾರೇ ಅದರ ಆಕರ್ಷಣೆ. ಈ ರೆಡ್‌ಆಕ್ಟೇನ್‌ನ ಒಂದು ಶಾಖೆ ಚೆನ್ನೈಯಲ್ಲಿ ಕೆಲಸ ಮಾಡಿತ್ತು. ಲೋಕವೆಲ್ಲ ಆಡಿದ ಆಟದ ಹಿಂದೆ ಈ ಊರಿನ ಎಂಜಿನಿಯರುಗಳ ಕೈಯೂ ಇತ್ತೆಂಬುದನ್ನು ನೆನೆಯಬೇಕು. 2006ರಲ್ಲಿ ಆಕ್ಟಿವಿಷನ್ ಆ ಕಂಪನಿಯನ್ನು ಕೊಂಡಿತು, 2010ರಲ್ಲಿ ಮುಚ್ಚಿತು. ಒಂದೇ ಬಗೆಯ ಡಿಸ್ಕ್‌ಗಳು ಒಂದರ ಮೇಲೊಂದು ಬಂದು ಜನಕ್ಕೆ ಸಾಕಾಗಿತ್ತು. ಪ್ಲಾಸ್ಟಿಕ್ ಗಿಟಾರಿನ ಕಾಲ ಅಲ್ಲಿಗೆ ಇಳಿಯಿತು. ಕುಣಿತದ ಆಟಗಳು ಮಾತ್ರ ಉಳಿದವು. 2009ರಲ್ಲಿ ಶುರುವಾದ ಯೂಬಿಸಾಫ್ಟ್‌ನ ‘ಜಸ್ಟ್ ಡಾನ್ಸ್’ ಇಂದಿಗೂ ಹೊರಬರುತ್ತಿದೆ. ಅದರ ತಯಾರಿಯಲ್ಲಿ ಪುಣೆಯ ಸ್ಟುಡಿಯೊದ ಪಾಲಿದೆ.

ಚೆನ್ನೈಯ ಎಗ್ಮೋರ್‌ನಂಥ ಕಡೆ ಈ ಆಟ ಮನೆಗೆ ಒಪ್ಪುತ್ತದೆಯೆ ಎಂಬ ಪ್ರಶ್ನೆ ಹೆಚ್ಚು ಜೀವಂತವಾಗುವುದು ಮೇ ತಿಂಗಳಲ್ಲಿ. ಅಗ್ನಿ ನಕ್ಷತ್ರವೆಂಬ ಕಡುಬೇಸಿಗೆಯ ಬಿಸಿಲಿಗೆ ಮಕ್ಕಳು ಹಗಲಿಡೀ ಮನೆಯೊಳಗೆ ಉಳಿಯುತ್ತಾರೆ, ಶಾಲೆಗೆ ರಜ, ಆಟಕ್ಕೆ ಬಯಲಿಲ್ಲ. ಕೂವಂ ನದಿ ದಾಟಿದರೆ ಎಲೆಕ್ಟ್ರಾನಿಕ್ ಸಾಮಾನಿಗೆ ಹೆಸರಾದ ರಿಚಿ ಸ್ಟ್ರೀಟ್ ಸಿಗುತ್ತದೆ. ಅಲ್ಲಿಗೂ ಹೋಗಬೇಕಿಲ್ಲ, ಅಪ್ಪನ ಮೊಬೈಲಿನಲ್ಲೇ ಪಿಯಾನೊ ಗುಂಡಿಯ ಆಟ ಪುಕ್ಕಟೆ ಇಳಿಯುತ್ತದೆ.

ಈ ಆಟ ಮಗುವಿಗೆ ಸಂಗೀತ ಕಲಿಸುತ್ತದೆಯೆ ಎಂಬುದು ಮೊದಲು ಏಳುವ ಪ್ರಶ್ನೆ. ಕರ್ನಾಟಕ ಸಂಗೀತದ ಪಾಠಕ್ಕೆ ಕೂತ ಮಗು ಮಾಯಾಮಾಳವಗೌಳದಲ್ಲಿ ಸರಳೆ ವರಸೆ ಶುರುಮಾಡುತ್ತದೆ. ಈ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರು ಎಂದು ಸಂಪ್ರದಾಯ ನಂಬುತ್ತದೆ. ಆದಿತಾಳಕ್ಕೆ ಎಂಟು ಎಣಿಕೆ. ಒಂದು ಪೆಟ್ಟು, ಕಿರುಬೆರಳಿನಿಂದ ಮೂರು ಬೆರಳ ಎಣಿಕೆ, ಆಮೇಲೆ ಪೆಟ್ಟು, ಹುಸಿ, ಪೆಟ್ಟು, ಹುಸಿ. ಅದೇ ವರಸೆಯನ್ನು ಒಂದನೆಯ ಕಾಲದಲ್ಲಿ ಹಾಡಿ, ಕೈಯ ನಡೆ ಬದಲಿಸದೆ ಎರಡನೆಯ ಕಾಲಕ್ಕೂ ಮೂರನೆಯ ಕಾಲಕ್ಕೂ ಏರಿಸಬೇಕು. ಇಲ್ಲಿ ಕಾಲವನ್ನು ಹುಟ್ಟಿಸುವುದೂ ಕಾಯುವುದೂ ಮಗುವೇ. ಗುರುಗಳು ಸುಮ್ಮನಾದರೂ ತೊಡೆಯ ಮೇಲಿನ ಕೈ ನಿಲ್ಲುವ ಹಾಗಿಲ್ಲ. ವಿಡಿಯೊ ಗೇಮ್‌ನಲ್ಲಿ ಕಾಲ ಯಂತ್ರದ್ದು. ಮಗು ಅದನ್ನು ಹಿಂಬಾಲಿಸುತ್ತದೆ. ಹಿಂಬಾಲಿಸುವುದಾದರೂ ಅನೇಕ ವೇಳೆ ಕಿವಿಯಿಂದಲ್ಲ, ಕಣ್ಣಿನಿಂದ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು: ಆಟದ ದನಿಯನ್ನು ಪೂರ್ತಿ ಇಳಿಸಿಬಿಡಬೇಕು. ದನಿ ಇಲ್ಲದೆಯೂ ಮಗು ಮೊದಲಿನಷ್ಟೇ ಅಂಕ ಗಳಿಸಿದರೆ ಅದು ಸಂಗೀತದ ಆಟವಲ್ಲ, ಕಣ್ಣು ಬೆರಳುಗಳ ಚುರುಕಿನ ಆಟ. ಮೊಬೈಲಿನ ಪಿಯಾನೊ ಗುಂಡಿಯ ಆಟಗಳಲ್ಲಿ ಬಹಳಷ್ಟು ಈ ಪರೀಕ್ಷೆಯಲ್ಲಿ ಸೋಲುತ್ತವೆ. 2006ರಲ್ಲಿ ನಿಂಟೆಂಡೊ ಹೊರತಂದ ‘ರಿದಮ್ ತೆಂಗೋಕು’ ಮತ್ತು ಅದರ ಮುಂದಿನ ಕಂತುಗಳು ಗೆಲ್ಲುತ್ತವೆ. ಅಲ್ಲಿ ಪರದೆಯ ಚಿತ್ರವನ್ನೇ ನೆಚ್ಚಿದವನು ಎಡವುತ್ತಾನೆ, ಕೇಳಿದವನು ಉಳಿಯುತ್ತಾನೆ.

ಹಾಗಾದರೆ ಆಟದಿಂದ ಪ್ರಯೋಜನವೇ ಇಲ್ಲವೆ? ಇದೆ. ಹಾಡಿನಲ್ಲಿ ಒಂದು ನಿಯತ ಮಿಡಿತವಿದೆ, ಅದಕ್ಕೆ ಮೈಯನ್ನು ಒಪ್ಪಿಸಬಹುದು ಎಂಬ ಅರಿವು ಚಿಕ್ಕ ಮಗುವಿಗೆ ಹಿಡಿಯುವುದು ಕುಣಿತದಲ್ಲೇ. ಡ್ರಮ್ಮಿನ ಆಟದಲ್ಲಿ ಎರಡು ಕೈ, ಒಂದು ಕಾಲು ಬೇರೆ ಬೇರೆ ಲೆಕ್ಕ ಹಿಡಿಯಬೇಕಾಗುತ್ತದೆ. ಅದು ನಿಜವಾದ ಡ್ರಮ್ಮಿಗೆ ಹತ್ತಿರದ ಅಭ್ಯಾಸ. 2011ರ ‘ರಾಕ್‌ಸ್ಮಿತ್’ ಗುಂಡಿಗಳನ್ನು ಬಿಟ್ಟು ನಿಜವಾದ ತಂತಿಯ ಗಿಟಾರನ್ನೇ ಜೋಡಿಸಿತು. ಆಸಕ್ತಿ ಕೆರಳಿದ ಮಗುವನ್ನು ಪಾಠಕ್ಕೆ ಕಳಿಸುವ ಮನಸ್ಸು ಮನೆಯವರಿಗಿದ್ದರೆ ಆಟ ಬಾಗಿಲಾಗುತ್ತದೆ.

ಹಾಡುವ ಆಟಗಳ ಕಥೆ ಬೇರೆ. ಸೋನಿಯ ‘ಸಿಂಗ್‌ಸ್ಟಾರ್’ 2004ರಲ್ಲಿ ಬಂತು, ಮುಂದೆ ಅದರಲ್ಲಿ ಹಿಂದಿ ಚಿತ್ರಗೀತೆಗಳ ಡಿಸ್ಕ್ ಕೂಡ ಬಂತು. ಮೈಕಿನ ಎದುರಿನ ದನಿ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಯಂತ್ರ ಅಳೆಯುತ್ತದೆ. ಸ್ಥಾಯಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವಾದ್ದರಿಂದ ತಂದೆ ಕೆಳಗಿನ ಸ್ಥಾಯಿಯಲ್ಲೂ ಮಗಳು ಮೇಲಿನ ಸ್ಥಾಯಿಯಲ್ಲೂ ಹಾಡಿ ಸಮನಾಗಿ ಅಂಕ ಪಡೆಯಬಹುದು. ಕುಟುಂಬಕ್ಕೆ ಇದು ಒಳ್ಳೆಯ ಅನುಕೂಲ. ಆದರೆ ಅದರ ಅಳತೆಕೋಲು ಹನ್ನೆರಡು ಸಮನಾದ ಮೆಟ್ಟಿಲುಗಳದು. ತೋಡಿಯ ಗಾಂಧಾರ ಒಂದು ಮೆಟ್ಟಿಲ ಮೇಲೆ ನಿಲ್ಲುವ ಸ್ವರವಲ್ಲ. ಅದರ ಜೀವ ಕಂಪನದಲ್ಲಿದೆ. ಅಂಥ ಗಮಕ ಈ ಕೋಲಿಗೆ ಅಪಸ್ವರವಾಗಿ ಕಾಣುತ್ತದೆ. ಪಾಠಕ್ಕೆ ಹೋಗುವ ಮಗು ಆಟದಲ್ಲಿ ಸೋತು ಬಂದರೆ ತಪ್ಪು ಕಂಠದ್ದಲ್ಲ, ಅಳತೆಯದು ಎಂದು ಹಿರಿಯರು ತಿಳಿಸಿ ಹೇಳಬೇಕು.

ಅಳತೆಯ ತಪ್ಪು ಇನ್ನೊಂದು ಕಡೆಯಿಂದಲೂ ನುಗ್ಗುತ್ತದೆ. ಈಗಿನ ಚಪ್ಪಟೆ ಟಿವಿ ಚಿತ್ರವನ್ನು ತಿದ್ದಿ ತೋರಿಸಲು ಅಲ್ಪ ಸಮಯ ತೆಗೆದುಕೊಳ್ಳುತ್ತದೆ, ಬ್ಲೂಟೂತ್ ಸ್ಪೀಕರ್ ದನಿಯನ್ನು ಇನ್ನಷ್ಟು ತಡಮಾಡುತ್ತದೆ. ಸೆಕೆಂಡಿನ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲೇ ಸರಿ-ತಪ್ಪು ತೀರ್ಮಾನವಾಗುವ ಆಟದಲ್ಲಿ ಇಷ್ಟು ವಿಳಂಬ ಸಾಕು, ಸರಿಯಾಗಿ ತಾಳ ಹಾಕಿದ ಮಗುವಿಗೂ ‘ತಪ್ಪು’ ಎಂಬ ಉತ್ತರ ಸಿಗುತ್ತದೆ. ನನಗೆ ತಾಳ ಬರುವುದಿಲ್ಲ ಎಂದು ಎಳೆಯ ಮನಸ್ಸು ನಂಬಿಬಿಟ್ಟರೆ ಆ ನಂಬಿಕೆ ಬೇಗ ಬಿಡುವುದಿಲ್ಲ. ಒಳ್ಳೆಯ ಆಟಗಳ ಸೆಟ್ಟಿಂಗ್ಸ್‌ನಲ್ಲಿ ಈ ವಿಳಂಬವನ್ನು ಸರಿಪಡಿಸುವ ಸೌಲಭ್ಯ ಇರುತ್ತದೆ, ಟಿವಿಯಲ್ಲಿ ಗೇಮ್ ಮೋಡ್ ಇರುತ್ತದೆ. ಮಗುವಿನ ಕೈಗೆ ಆಟ ಕೊಡುವ ಮೊದಲು ದೊಡ್ಡವರು ಐದು ನಿಮಿಷ ಕೂತು ಇದನ್ನು ಹೊಂದಿಸಬೇಕು. ಕುಟುಂಬಕ್ಕೆ ಬರೆದ ಸಲಹೆಗಳಲ್ಲಿ ಇದು ಕಾಣುವುದೇ ಕಡಿಮೆ. ಆದರೆ ಮಕ್ಕಳು ಸಿಟ್ಟಿಗೆದ್ದು ರಿಮೋಟ್ ಎಸೆಯುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಹಾಡಿನ ಮಾತುಗಳ ವಿಚಾರ ಅಂಕಕ್ಕಿಂತ ದೊಡ್ಡದು. ಆಟದಲ್ಲಿ ಗೆಲ್ಲಲು ಒಂದೇ ಹಾಡನ್ನು ಮಗು ಮತ್ತೆ ಮತ್ತೆ ಕೇಳುತ್ತದೆ. ರೇಡಿಯೊದಲ್ಲಿ ಬಂದು ಹೋಗುವ ಹಾಡಿಗಿಂತ ಇದು ಆಳಕ್ಕೆ ಇಳಿಯುತ್ತದೆ. ಎಗ್ಮೋರ್‌ನ ಕನ್ನಡ ಮನೆಯ ಮಗುವಿಗೆ ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷು. ಕನ್ನಡದ ಹಾಡು ಸಿಗುವುದು ಮನೆಯ ನಾಲ್ಕು ಗೋಡೆಗಳ ನಡುವೆ ಮಾತ್ರ. ದೊಡ್ಡ ಕಂಪನಿಗಳ ಆಟಗಳಲ್ಲಿ ತುಂಬಿರುವುದು ಹೆಚ್ಚಾಗಿ ಇಂಗ್ಲಿಷ್ ಹಾಡು. ಮನೆಯ ಸಂಜೆಯೂ ಅದಕ್ಕೇ ಹೋದರೆ ಕನ್ನಡ ಹಾಡಿಗೆ ಜಾಗ ಉಳಿಯುವುದಿಲ್ಲ ಎಂಬ ಚಿಂತೆ ನ್ಯಾಯವಾದದ್ದು. ಇದಕ್ಕೆ ಸರಳವಾದ ದಾರಿಯೊಂದಿದೆ. ಕನ್ನಡ ಚಿತ್ರಗೀತೆಗಳ ಹಿನ್ನೆಲೆ ಸಂಗೀತವನ್ನು ಟಿವಿಯಲ್ಲಿ ಹಚ್ಚಿ, ಅಜ್ಜ ಅಜ್ಜಿ ಸಹಿತ ಎಲ್ಲರೂ ಹಾಡುವುದು. ಅಂಕ ಕೊಡುವ ಯಂತ್ರ ಅಲ್ಲಿ ಇರುವುದಿಲ್ಲ, ಆಟದ ಸಂತೋಷಕ್ಕೆ ಮಾತ್ರ ಕೊರತೆಯಿಲ್ಲ.

ವಯಸ್ಸಿನ ಗುರುತಿನಿಂದ ಸಹಾಯವಿದೆ, ಪೂರ್ತಿ ಭರವಸೆ ಇಲ್ಲ. ಅಮೆರಿಕದ ಇಎಸ್‌ಆರ್‌ಬಿ 1994ರಿಂದ, ಯುರೋಪಿನ ಪೆಗಿ 2003ರಿಂದ ಗೇಮ್‌ಗಳಿಗೆ ದರ್ಜೆ ಕೊಡುತ್ತಿವೆ. ‘ಗಿಟಾರ್ ಹೀರೋ’ಗೂ 2007ರ ‘ರಾಕ್ ಬ್ಯಾಂಡ್’ಗೂ ಹದಿಹರೆಯದವರ ದರ್ಜೆ ಸಿಕ್ಕಿದ್ದು ಮುಖ್ಯವಾಗಿ ಹಾಡುಗಳ ಮಾತಿನ ಕಾರಣಕ್ಕೆ. ಮಕ್ಕಳಿರುವ ಮನೆಗೆಂದೇ 2009ರಲ್ಲಿ ‘ಲೆಗೊ ರಾಕ್ ಬ್ಯಾಂಡ್’ ಮಾಡಿ ಹಾಡುಗಳನ್ನು ಆರಿಸಿ ಹಾಕಿದರು. ಅದಕ್ಕೆ ಹತ್ತು ವರ್ಷ ಮೇಲ್ಪಟ್ಟವರ ದರ್ಜೆ. ಆಮೇಲೆ ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳುವ ಹಾಡುಗಳು ಆ ದರ್ಜೆಯ ವ್ಯಾಪ್ತಿಗೆ ಬರುವುದಿಲ್ಲ, ಪೆಟ್ಟಿಗೆಯ ಮೇಲೆಯೇ ಹಾಗೆ ಮುದ್ರಿಸಿರುತ್ತಾರೆ. ಭಾರತದಲ್ಲಿ ಗೂಗಲ್ ಪ್ಲೇ ಸ್ಟೋರ್ ತೋರಿಸುವ 3+, 7+, 12+ ಎಂಬ ಗುರುತುಗಳು ತಯಾರಕರು ತುಂಬಿದ ಪ್ರಶ್ನಾವಳಿಯ ಮೇಲೆ ನಿಂತವು. ಚಿತ್ರ ನೋಡಿ ಮೋಸಹೋಗುವ ಅಪಾಯಕ್ಕೆ 2020ರ ‘ಫ್ರೈಡೇ ನೈಟ್ ಫಂಕಿನ್’ ಒಳ್ಳೆಯ ಉದಾಹರಣೆ. ಕಾರ್ಟೂನಿನಂತೆ ಕಾಣುವ ಅದನ್ನು ಚಿಕ್ಕ ಮಕ್ಕಳು ಮುಗಿಬಿದ್ದು ಆಡಿದರು; ಮಾತು, ಸನ್ನಿವೇಶ ಎರಡೂ ಅವರ ವಯಸ್ಸಿಗೆ ಹೇಳಿದವಲ್ಲ. ಪಟ್ಟಿಯಲ್ಲಿರುವ ಹಾಡುಗಳನ್ನು ಮನೆಯವರು ಒಮ್ಮೆ ತಾವೇ ಕೇಳುವುದಕ್ಕೆ ಸಮನಾದ ದರ್ಜೆ ಇನ್ನೊಂದಿಲ್ಲ.

ಪುಕ್ಕಟೆ ಮೊಬೈಲ್ ಆಟದ ಬೆಲೆಯನ್ನು ಮಗು ಜಾಹೀರಾತು ನೋಡಿ ತೀರಿಸುತ್ತದೆ. ಒಂದು ಹಾಡು ಮುಗಿದೊಡನೆ ಒಂದು ಜಾಹೀರಾತು; ಅದರಲ್ಲಿ ಏನಿರುತ್ತದೆ ಎಂಬುದು ಆಟದ ದರ್ಜೆಯಿಂದ ಗೊತ್ತಾಗುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟರೊಳಗಿನವರನ್ನು ಮಕ್ಕಳೆಂದು ಪರಿಗಣಿಸಿ, ಪೋಷಕರ ಒಪ್ಪಿಗೆಯನ್ನು ಕಡ್ಡಾಯ ಮಾಡಿದೆ, ಮಕ್ಕಳನ್ನೇ ಗುರಿಯಾಗಿಸಿದ ಜಾಹೀರಾತನ್ನು ತಡೆದಿದೆ. ಕಾನೂನು ಒಳ್ಳೆಯದೇ, ಮನೆಯೊಳಗಿನ ಮೊಬೈಲಿಗೆ ಕಾವಲು ನಿಲ್ಲುವವರು ಮಾತ್ರ ಮನೆಯವರೇ. ಸ್ಮ್ಯೂಲ್‌ನಂಥ ಹಾಡುವ ಆ್ಯಪ್‌ಗಳಲ್ಲಿ ಕನ್ನಡ ಹಾಡುಗಳು ಬೇಕಾದಷ್ಟಿವೆ, ದೊಡ್ಡವರಿಗೆ ಅದು ಹಿತವಾದ ಹವ್ಯಾಸ. ಆದರೆ ಗುರುತಿಲ್ಲದವರೊಡನೆ ಯುಗಳ ಗೀತೆ ಹಾಡುವ ಆ ಜಾಗ ಮಗುವನ್ನು ಒಂಟಿಯಾಗಿ ಬಿಡುವ ಜಾಗವಲ್ಲ.

ಮೈಗೆ ಸಂಬಂಧಿಸಿದ ಎಚ್ಚರಿಕೆಗಳೂ ಇವೆ. 1997ರ ಡಿಸೆಂಬರ್ 16ರಂದು ಜಪಾನಿನ ಟಿವಿಯಲ್ಲಿ ಪೋಕೆಮಾನ್ ಕಂತೊಂದರ ಕೆಂಪು ನೀಲಿ ಮಿನುಗಾಟ ನೋಡಿ 600ಕ್ಕೂ ಹೆಚ್ಚು ಮಂದಿ, ಹೆಚ್ಚಿನವರು ಮಕ್ಕಳು, ಆಸ್ಪತ್ರೆಗೆ ಹೋಗಬೇಕಾಯಿತು. ಸಂಗೀತದ ಆಟಗಳಲ್ಲೂ ಇಂಥ ಮಿಂಚಿನ ಬೆಳಕು ಇರುತ್ತದೆ. ಹಿಂದೆ ಎಂದಾದರೂ ಫಿಟ್ಸ್ ಬಂದ ಮಗುವಾದರೆ ಮೊದಲು ವೈದ್ಯರನ್ನು ಕೇಳಬೇಕು. ಮಕ್ಕಳಿಗೆಂದೇ ಇರುವ ಸರ್ಕಾರಿ ಆಸ್ಪತ್ರೆ ಎಗ್ಮೋರ್‌ನಲ್ಲೇ ಇದೆ. ಹೆಡ್‌ಫೋನ್ ಹಾಕಿ ಗಂಟೆಗಟ್ಟಲೆ ಜೋರಾಗಿ ಕೇಳಿದರೆ ಕಿವಿ ಕೆಡುತ್ತದೆ. ಮನೆಯಲ್ಲಿ ಸ್ಪೀಕರೇ ಮೇಲು. ತಲೆಗೆ ಕಟ್ಟುವ ವಿಆರ್ ಸಾಧನದಲ್ಲಿ ಆಡುವ ‘ಬೀಟ್ ಸೇಬರ್’ ಚೆಂದದ ಆಟವಾದರೂ ಹತ್ತು ವರ್ಷದೊಳಗಿನವರಿಗೆ ಆ ಸಾಧನವನ್ನು ಅದನ್ನು ಮಾರುವ ಮೆಟಾ ಕಂಪನಿಯೇ ಒಪ್ಪುವುದಿಲ್ಲ. ಅದನ್ನು ಕಟ್ಟಿಕೊಂಡವನೊಬ್ಬ ಆಡುತ್ತಾನೆ, ಉಳಿದವರು ನೋಡುತ್ತ ಕೂರುತ್ತಾರೆ.

ಹೊತ್ತಿನ ಬಗ್ಗೆ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಮಾತು ಸ್ಪಷ್ಟ: ಎರಡು ವರ್ಷದೊಳಗೆ ಪರದೆ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಐದರಿಂದ ಹತ್ತರವರೆಗೆ ಎರಡು ಗಂಟೆಯೊಳಗೆ. ಇದು ಟಿವಿ, ಮೊಬೈಲ್, ಗೇಮ್ ಎಲ್ಲ ಸೇರಿದ ಲೆಕ್ಕ. ಗೇಮ್ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇದಕ್ಕೆ ‘ಶಟ್ ಕ್ಲಿನಿಕ್’ ತೆರೆಯಿತು. ಈ ವಿಷಯದಲ್ಲಿ ಸಂಗೀತದ ಆಟಕ್ಕೆ ಒಂದು ಒಳ್ಳೆಯ ಗುಣವಿದೆ. ಹಾಡು ಮೂರು ನಾಲ್ಕು ನಿಮಿಷಕ್ಕೆ ಮುಗಿಯುತ್ತದೆ. ಅರ್ಧ ಗಂಟೆಯಾಯಿತು, ನಿಲ್ಲಿಸು ಎಂದರೆ ಆಟದ ನಡುವೆ ಮಗು ಹಟಮಾಡುತ್ತದೆ; ತಲೆಗೆ ಮೂರು ಹಾಡು ಎಂದು ಮೊದಲೇ ಗೊತ್ತುಮಾಡಿದರೆ ಮೂರನೆಯದು ಮುಗಿದೊಡನೆ ಸರದಿ ಬಿಟ್ಟುಕೊಡುತ್ತದೆ.

ಆಟದ ಪಕ್ಕದಲ್ಲೇ ನಿಜವಾದ ವಾದ್ಯವನ್ನು ಮಗುವಿಗೆ ತೋರಿಸಲು ಎಗ್ಮೋರ್‌ಗಿಂತ ಒಳ್ಳೆಯ ಜಾಗ ಕಡಿಮೆ. ಪ್ಯಾಂಥಿಯನ್ ರಸ್ತೆಯ ಸರ್ಕಾರಿ ಮ್ಯೂಸಿಯಂ 1851ರಲ್ಲಿ ಶುರುವಾದದ್ದು. ಅದರ ವಾದ್ಯ ಸಂಗ್ರಹಕ್ಕೆ ಸಂಗೀತ ವಿದ್ವಾಂಸ ಪಿ. ಸಾಂಬಮೂರ್ತಿ 1931ರಲ್ಲಿ ವಿವರವಾದ ಪಟ್ಟಿಯನ್ನೇ ಬರೆದುಕೊಟ್ಟಿದ್ದಾರೆ. ಅದೇ ಆವರಣದಲ್ಲಿ ಮಕ್ಕಳ ಮ್ಯೂಸಿಯಂ ಕೂಡ ಇದೆ. ಶುಕ್ರವಾರ ರಜ.

ಏಳೆಂಟು ವರ್ಷ ದಾಟಿದ ಮಕ್ಕಳಿರುವ ಮನೆಗೆ, ಹಾಲ್‌ನಲ್ಲಿ ಎಲ್ಲರೂ ಸೇರಿ ಟಿವಿಯ ಮುಂದೆ ಆಡುವ ಕುಣಿತದ, ಡ್ರಮ್ಮಿನ, ಹಾಡುವ ಆಟ ಒಪ್ಪುತ್ತದೆ. ಹಾಡುಗಳನ್ನು ಹಿರಿಯರು ಮೊದಲು ಕೇಳಿ ಆರಿಸಿರಬೇಕು. ಐದರೊಳಗಿನ ಮಗುವಿಗೆ ಚಪ್ಪಾಳೆ, ಲಾಲಿ, ಶಿಶುಗೀತೆಗಳೇ ಸಾಕು. ಮೂಲೆಯಲ್ಲಿ ಒಂಟಿಯಾಗಿ ಕೂತ ಮಗುವಿನ ಕೈಯ ಪುಕ್ಕಟೆ ಮೊಬೈಲ್ ಆಟ ಯಾವ ವಯಸ್ಸಿಗೂ ಒಪ್ಪುವುದಿಲ್ಲ.