ಕಂಡದ್ದು ಮತ್ತು ರುಜುವಾತಾದದ್ದು: ಸಾಕ್ಷ್ಯನಿಯಮಗಳು ಹಳ್ಳಿಗರಿಗೇಕೆ ಬೇಕು?

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಹಳ್ಳದ ನೀರು ಕಪ್ಪಾದುದನ್ನು ಊರೆಲ್ಲ ಕಂಡಿರುತ್ತದೆ. ಗುಡ್ಡ ಬಗೆಯುವ ಯಂತ್ರದ ಸದ್ದನ್ನು ಊರೆಲ್ಲ ಕೇಳಿರುತ್ತದೆ. ಆದರೂ ಎಷ್ಟೋ ಮೊಕದ್ದಮೆಗಳು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ನ್ಯಾಯಾಧೀಶರು ಆ ಊರಿನವರಲ್ಲ. ಅವರ ಮುಂದಿರುವುದು ಕಡತ ಮತ್ತು ಕಟಕಟೆಯಲ್ಲಿ ನಿಂತ ಸಾಕ್ಷಿ ಮಾತ್ರ. ಕಡತದೊಳಕ್ಕೆ ಯಾವುದು ಬರಬಹುದು, ಯಾವುದು ಬರಬಾರದು, ಯಾರು ಯಾವುದನ್ನು ರುಜುವಾತುಪಡಿಸಬೇಕು ಎಂಬುದನ್ನು ತೀರ್ಮಾನಿಸುವ ಕಟ್ಟಳೆಗಳೇ ಸಾಕ್ಷ್ಯನಿಯಮಗಳು. 1872ರ ಸಾಕ್ಷ್ಯ ಅಧಿನಿಯಮದ ಸ್ಥಾನದಲ್ಲಿ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಜಾರಿಗೆ ಬಂದಿದೆ. ಕಲಮುಗಳ ಸಂಖ್ಯೆ ಬದಲಾಗಿದೆ. ಮೂಲ ತತ್ವಗಳು ಬಹುಮಟ್ಟಿಗೆ ಹಾಗೆಯೇ ಉಳಿದಿವೆ.

ಈ ತತ್ವಗಳನ್ನು ಅರಿಯಲು ಬೆಂಗಳೂರು ದಕ್ಷಿಣದ ಒಂದು ಕೆರೆಯ ಕಡೆಗೆ ನೋಡಬಹುದು. ಜೆ.ಪಿ. ನಗರದ ಸಾರಕ್ಕಿ ಕೆರೆ ಸರ್ಕಾರಿ ದಾಖಲೆಗಳ ಪ್ರಕಾರ 82 ಎಕರೆಗೂ ಮಿಕ್ಕಿದ ವಿಸ್ತೀರ್ಣದ್ದು. ಅದರಲ್ಲಿ 30 ಎಕರೆಗೂ ಹೆಚ್ಚು ಭಾಗ ಒತ್ತುವರಿಯಾಗಿ, ಅಲ್ಲಿ ಮನೆಗಳೂ ಬಹುಮಹಡಿ ಕಟ್ಟಡಗಳೂ ಎದ್ದಿದ್ದವು. 2015ರ ಏಪ್ರಿಲ್ ತಿಂಗಳಲ್ಲಿ ಜಿಲ್ಲಾಡಳಿತವು ಅವುಗಳನ್ನು ತೆರವುಗೊಳಿಸಿತು.

ಇಂತಹ ಜಾಗಗಳಲ್ಲಿ ವಾಸಿಸುವವರ ಬಳಿ ಕಾಗದಗಳೇ ಇರುವುದಿಲ್ಲ ಎಂದು ಯಾರೂ ಭಾವಿಸಬಾರದು. ನೋಂದಾಯಿತ ಕ್ರಯಪತ್ರ, ಖಾತೆ, ಕಂದಾಯದ ರಸೀದಿ, ವಿದ್ಯುತ್ ಬಿಲ್ಲು ಎಲ್ಲವೂ ಇರಬಹುದು. ಆದರೆ ಪ್ರತಿಯೊಂದು ಕಾಗದವೂ ತನಗೆ ಸಂಬಂಧಿಸಿದ ಸಂಗತಿಯನ್ನಷ್ಟೇ ರುಜುವಾತುಪಡಿಸುತ್ತದೆ. ಕ್ರಯಪತ್ರವು ಮಾರಾಟ ನಡೆಯಿತೆಂಬುದನ್ನು ಹೇಳುತ್ತದೆ. ಮಾರಿದವನಿಗೆ ಹಕ್ಕಿತ್ತೆಂಬುದನ್ನು ಹೇಳುವುದಿಲ್ಲ. ತನಗಿಲ್ಲದ ಹಕ್ಕನ್ನು ಯಾವನೂ ಇನ್ನೊಬ್ಬನಿಗೆ ಕೊಡಲಾರ. ವಿದ್ಯುತ್ ಬಿಲ್ಲು ಅಲ್ಲಿ ದೀಪ ಉರಿದುದಕ್ಕೆ ಸಾಕ್ಷಿ; ನೆಲದ ಒಡೆತನಕ್ಕಲ್ಲ. ಕೆರೆಯ ಗಡಿ ಎಲ್ಲಿತ್ತೆಂಬ ಪ್ರಶ್ನೆಗೆ ಉತ್ತರಿಸುವುದು ಹಳೆಯ ಗ್ರಾಮನಕ್ಷೆ, ಸರ್ವೆ ಟಿಪ್ಪಣಿ, ಆಕಾರಬಂದ್ ಮತ್ತು ಅವುಗಳ ಆಧಾರದ ಮೇಲೆ ನಡೆದ ಅಳತೆ. ಜೀವಮಾನದ ಉಳಿತಾಯ ಸುರಿದು ಮನೆ ಕಟ್ಟಿದ ಕುಟುಂಬಗಳು ಇದನ್ನು ಅರಿಯುವ ವೇಳೆಗೆ ಕಾಲ ಮೀರಿರುತ್ತದೆ. ಮಲೆನಾಡಿನಲ್ಲಿ ಗೋಮಾಳ, ಕಾನು, ಸೊಪ್ಪಿನಬೆಟ್ಟದ ಅಂಚಿನ ನಿವೇಶನ ಕೊಳ್ಳುವವರಿಗೂ ಈ ಪಾಠ ಅನ್ವಯಿಸುತ್ತದೆ.

ಇಲ್ಲಿ ಪಹಣಿಯ ಬಗ್ಗೆ ಒಂದು ಮಾತು. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 133ನೆಯ ಕಲಮಿನಂತೆ ಹಕ್ಕುದಾಖಲೆಯ ನಮೂದನ್ನು, ಅದಕ್ಕೆ ವಿರುದ್ಧವಾದುದು ರುಜುವಾತಾಗುವವರೆಗೆ, ನಿಜವೆಂದು ಭಾವಿಸತಕ್ಕದ್ದು. ಅಂದರೆ ಪಹಣಿಯೇ ಅಂತಿಮ ಸತ್ಯವಲ್ಲ. ಆದರೆ ಅದು ತಪ್ಪೆಂದು ತೋರಿಸುವ ಹೊಣೆ ತಪ್ಪೆನ್ನುವವನದು. ಊರಿನ ಸಾಮೂಹಿಕ ಭೂಮಿಯ ಪಹಣಿಯಲ್ಲಿ ಹೊಸ ಹೆಸರು ಸೇರಿದಾಗ ಸುಮ್ಮನಿದ್ದರೆ, ಆ ಹೊಣೆ ಊರಿನ ತಲೆಯ ಮೇಲೆ ಬೀಳುತ್ತದೆ.

ಎರಡನೆಯದು ಬಾಯಿಮಾತಿನ ಸಾಕ್ಷ್ಯ. ಅದು ನೇರವಾಗಿರಬೇಕೆಂದು ಹೊಸ ಅಧಿನಿಯಮದ 55ನೆಯ ಕಲಮು ವಿಧಿಸುತ್ತದೆ. ಕಂಡದ್ದನ್ನು ಕಂಡವರೇ, ಕೇಳಿದ್ದನ್ನು ಕೇಳಿದವರೇ ಬಂದು ಹೇಳಬೇಕು. "ರಾತ್ರಿ ಲಾರಿಗಳು ಹೋದುವಂತೆ" ಎಂಬುದು ಸಾಕ್ಷ್ಯವಲ್ಲ. "ರಾತ್ರಿ ಎರಡು ಗಂಟೆಗೆ ಮೂರು ಲಾರಿಗಳು ಹೋದುದನ್ನು ಕಂಡೆ" ಎಂಬುದು ಸಾಕ್ಷ್ಯ. ಪತ್ರಿಕಾ ವರದಿಯೂ ಇದೇ ಕಾರಣದಿಂದ ದುರ್ಬಲ. 1988ರ ಲಕ್ಷ್ಮೀರಾಜ್ ಶೆಟ್ಟಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಪತ್ರಿಕಾ ವರದಿಯನ್ನು ಕೇಳಿಕೆಯ ಮಾತೆಂದೇ ಪರಿಗಣಿಸಿತು. ಆದರೆ ಹಿರಿಯರ ಮಾತು ನಿರುಪಯುಕ್ತವೆಂದಲ್ಲ. ಎಪ್ಪತ್ತು ವರ್ಷದ ಅಜ್ಜ ಬಾಲ್ಯದಲ್ಲಿ ತಾನೇ ದನ ಮೇಯಿಸಿದ ಗೋಮಾಳದ ಬಗ್ಗೆ ನುಡಿದರೆ ಅದು ನೇರ ಸಾಕ್ಷ್ಯವೇ. ಸಾರ್ವಜನಿಕ ಹಕ್ಕು ಅಥವಾ ರೂಢಿಯ ಕುರಿತು, ಬಲ್ಲವರೊಬ್ಬರು ವಿವಾದ ಹುಟ್ಟುವ ಮೊದಲೇ ಹೇಳಿ ತೀರಿಕೊಂಡ ಅಭಿಪ್ರಾಯಕ್ಕೂ ಕಾನೂನಿನಲ್ಲಿ ಸ್ಥಾನವಿದೆ. ಆದುದರಿಂದ ಕಾಲುದಾರಿ, ನೀರಿನ ಸರದಿ, ದೇವರಕಾಡುಗಳ ಬಗ್ಗೆ ಹಿರಿಯರು ಹೇಳುವುದನ್ನು ಜಗಳ ಹುಟ್ಟುವ ಮೊದಲೇ, ದಿನಾಂಕ ಮತ್ತು ಸಹಿಯೊಡನೆ ಬರೆದಿಡುವುದು ಒಳ್ಳೆಯದು.

ಮೂರನೆಯದು ಮಾದರಿಯ ಪ್ರಶ್ನೆ. ಇದು ವಿಜ್ಞಾನದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದುದು. ಹೊಲದ ಮಣ್ಣಿನ ಮಾದರಿ ತೆಗೆಯುವಾಗ ಎಷ್ಟು ಕಡೆಯಿಂದ, ಎಷ್ಟು ಆಳದಿಂದ ತೆಗೆದದ್ದೆಂಬುದು ಮುಖ್ಯ. ನ್ಯಾಯಾಲಯ ಇನ್ನೊಂದು ಪ್ರಶ್ನೆ ಕೇಳುತ್ತದೆ: ತೆಗೆದ ಕ್ಷಣದಿಂದ ಪರೀಕ್ಷೆಯಾಗುವವರೆಗೆ ಅದು ಯಾರ ಕೈಯಲ್ಲಿತ್ತು? 1974ರ ಜಲಮಾಲಿನ್ಯ ನಿಯಂತ್ರಣ ಅಧಿನಿಯಮದ 21ನೆಯ ಕಲಮು ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ತ್ಯಾಜ್ಯನೀರಿನ ಮಾದರಿಯನ್ನು ಮಂಡಳಿಯ ಅಧಿಕಾರಿ ತೆಗೆಯಬೇಕು. ಘಟಕದ ಹೊಣೆಗಾರನಿಗೆ ಆಗಲೇ ನೋಟೀಸು ಕೊಡಬೇಕು. ಅವನ ಎದುರಿನಲ್ಲಿ ಮಾದರಿಯನ್ನು ಎರಡು ಭಾಗ ಮಾಡಿ, ಮೊಹರು ಹಾಕಿ, ಇಬ್ಬರೂ ಸಹಿ ಮಾಡಬೇಕು. ಒಂದನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕು. ಅವನು ಗೈರುಹಾಜರಾದರೆ ಅನುಸರಿಸಬೇಕಾದ ಕ್ರಮವನ್ನೂ ಕಾನೂನು ಹೇಳಿದೆ. ಈ ಕ್ರಮ ತಪ್ಪಿದರೆ ವಿಶ್ಲೇಷಣೆಯ ಫಲಿತಾಂಶವನ್ನು ಸಾಕ್ಷ್ಯವಾಗಿ ಸ್ವೀಕರಿಸುವಂತಿಲ್ಲ. ಅಂಕಿ ನಿಜವಿದ್ದರೂ ವ್ಯರ್ಥವೇ.

ಕಾಫಿ ಪಲ್ಪಿಂಗ್ ಕಾಲದಲ್ಲಿ ಹಳ್ಳಕ್ಕೆ ಕೊಳೆನೀರು ಹರಿದಾಗ, ಯುವಕರು ಬಾಟಲಿಯಲ್ಲಿ ನೀರು ತುಂಬಿ ಪರೀಕ್ಷೆಗೆ ಕೊಡುವುದುಂಟು. ಅದು ಎಚ್ಚರಿಕೆಯ ಗಂಟೆಯಾಗಿ ಉಪಯುಕ್ತ; ಶಿಕ್ಷೆಗೆ ಆಧಾರವಾಗಲಾರದು. ಸರಿಯಾದ ದಾರಿಯೆಂದರೆ ಆ ಫಲಿತಾಂಶವನ್ನು ಲಗತ್ತಿಸಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ದೂರು ಕೊಟ್ಟು, ಸ್ವೀಕೃತಿ ಪಡೆದು, ನೀರು ಹರಿಯುತ್ತಿರುವಾಗಲೇ ಅಧಿಕಾರಿಗಳು ಬಂದು ವಿಧಿವತ್ತಾಗಿ ಮಾದರಿ ತೆಗೆಯುವಂತೆ ಒತ್ತಾಯಿಸುವುದು.

ಮೊಬೈಲಿನ ಚಿತ್ರಗಳಿಗೂ ನಿಯಮವಿದೆ. ಮೂಲ ಸಾಧನವನ್ನೇ ಹಾಜರುಪಡಿಸದೆ ಪ್ರತಿಯನ್ನು ಕೊಡುವುದಾದರೆ ಪ್ರಮಾಣಪತ್ರ ಕಡ್ಡಾಯವೆಂದು 2020ರಲ್ಲಿ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. ಹೊಸ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರಕ್ಕೆ ಎರಡು ಭಾಗಗಳಿವೆ: ಒಂದು ಸಾಧನದ ಹೊಣೆ ಹೊತ್ತವರದು, ಇನ್ನೊಂದು ತಜ್ಞರದು. ಕಡತ ಬದಲಾಗಿಲ್ಲವೆಂದು ತೋರಿಸುವ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ವಾಟ್ಸ್‌ಆ್ಯಪ್‌ನಲ್ಲಿ ಹತ್ತು ಕೈ ದಾಟಿ ಬಂದ ಚಿತ್ರವನ್ನು ತೆಗೆದವರು ಯಾರೆಂದೇ ತಿಳಿಯದಿದ್ದರೆ ಈ ಪ್ರಮಾಣಪತ್ರ ಕೊಡುವವರು ಯಾರು? ಚಿತ್ರ ತೆಗೆದವರು ಮೂಲ ಕಡತವನ್ನು ಅಳಿಸದೆ ಉಳಿಸಿಕೊಳ್ಳಬೇಕು.

ಎಲ್ಲ ವೇದಿಕೆಗಳಲ್ಲೂ ಒಂದೇ ಅಳತೆಗೋಲಿಲ್ಲ ಎಂಬುದನ್ನೂ ತಿಳಿಯಬೇಕು. ಕ್ರಿಮಿನಲ್ ಮೊಕದ್ದಮೆಯಲ್ಲಿ ಸಂದೇಹಕ್ಕೆ ಎಡೆಯಿಲ್ಲದಂತೆ ರುಜುವಾತಾಗಬೇಕು. ಸಿವಿಲ್ ದಾವೆಯಲ್ಲಿ ಯಾರ ತಕ್ಕಡಿ ತೂಗುತ್ತದೆಂಬುದು ಮುಖ್ಯ. 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅಧಿನಿಯಮದ 19ನೆಯ ಕಲಮು ಆ ಮಂಡಳಿಯನ್ನು ಸಾಕ್ಷ್ಯ ಅಧಿನಿಯಮದ ಕಟ್ಟಿನಿಂದ ಬಿಡಿಸಿದೆ. ಸಹಜನ್ಯಾಯದ ತತ್ವಗಳು ಅದಕ್ಕೆ ದಾರಿದೀಪ. 1996ರ ವೆಲ್ಲೂರು ಪ್ರಕರಣದಲ್ಲೂ 1999ರ ನಾಯುಡು ಪ್ರಕರಣದಲ್ಲೂ ಸರ್ವೋಚ್ಚ ನ್ಯಾಯಾಲಯವು, ತನ್ನ ಚಟುವಟಿಕೆ ಪರಿಸರಕ್ಕೆ ಹಾನಿಕರವಲ್ಲವೆಂದು ತೋರಿಸುವ ಭಾರವನ್ನು ಉದ್ಯಮಿಯ ಮೇಲೆಯೇ ಹೊರಿಸಿತು. ವಿಜ್ಞಾನಕ್ಕೂ ಖಚಿತವಿಲ್ಲದ ಕಡೆ ಆ ಅನುಮಾನದ ಲಾಭ ಪ್ರಕೃತಿಗೆ ಸಲ್ಲಬೇಕೆಂಬುದು ಇದರ ಆಶಯ.

ಹಾಗೆಂದು ಮೈಮರೆಯುವಂತಿಲ್ಲ. ಬಿ.ಟಿ.ಎಂ. ಬಡಾವಣೆಗೆ ಸಮೀಪದ ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಿನ ನಿರ್ಮಾಣದ ಪ್ರಕರಣದಲ್ಲಿ ನ್ಯಾಯಮಂಡಳಿಯು 2016ರಲ್ಲಿ ನಗರದ ಕೆರೆಗಳ ಸುತ್ತ 75 ಮೀಟರ್ ಮೀಸಲು ವಲಯ ವಿಧಿಸಿತ್ತು. ಶಾಸನಬದ್ಧ ಯೋಜನೆಯನ್ನು ಬದಲಿಸುವ ಅಧಿಕಾರ ಮಂಡಳಿಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಆ ಸಾಮಾನ್ಯ ಆದೇಶವನ್ನು ರದ್ದುಗೊಳಿಸಿತು. ಸಾಕ್ಷ್ಯ ಸಡಿಲವಾದರೂ ಅಧಿಕಾರದ ಮಿತಿ ಸಡಿಲವಾಗದು.

ಕೊನೆಯದಾಗಿ, ಪ್ರತಿ ಊರಿನ ಯುವಕ ಸಂಘವೂ ಈ ಮಳೆಗಾಲದೊಳಗೆ ಮಾಡಬಹುದಾದ ಕೆಲಸಗಳಿವೆ. ಗ್ರಾಮನಕ್ಷೆ ಮತ್ತು ಸಾಮೂಹಿಕ ಭೂಮಿಗಳ ಪಹಣಿಯ ದೃಢೀಕೃತ ನಕಲುಗಳನ್ನು ಪಡೆಯಬೇಕು. ಇಲಾಖೆಗಳು ಕೊಡದ ಕಾಗದಗಳಿಗೆ 2005ರ ಮಾಹಿತಿ ಹಕ್ಕು ಅಧಿನಿಯಮದಡಿ ಅರ್ಜಿ ಹಾಕಬೇಕು. ಒಂದು ದಿನಚರಿ ಪುಸ್ತಕವಿಟ್ಟು, ಹಳ್ಳದ ಬಣ್ಣ, ವಾಸನೆ, ಮೀನು ಸತ್ತ ದಿನ, ಕಂಡವರ ಹೆಸರು ಇವುಗಳನ್ನು ಅಂದಂದೇ ಬರೆಯಬೇಕು. ಉತ್ಪ್ರೇಕ್ಷೆ ಬೇಡ, ಪಾಟೀಸವಾಲಿನಲ್ಲಿ ಒಂದು ಸುಳ್ಳು ಹೊರಬಿದ್ದರೆ ಹತ್ತು ನಿಜಗಳ ಮೇಲೂ ಅನುಮಾನ ಬರುತ್ತದೆ. ಪಲ್ಪಿಂಗ್ ಕಾಲ ಡಿಸೆಂಬರಿನಲ್ಲಿ ಮತ್ತೆ ಬರುತ್ತದೆ. ಅಷ್ಟರೊಳಗೆ ಪುಸ್ತಕ ಸಿದ್ಧವಾಗಿರಲಿ.