ರೆಟಿನಾ ಕಾಯಿಲೆ: ಆಪರೇಷನ್ ಏನು, ಕಣ್ಣೊಳಗಿನ ‘ಚಿಪ್’ ಏನು?
(ಸ್ವಸಹಾಯ ಸಂಘಗಳ ಸದಸ್ಯೆಯರ ಆರೋಗ್ಯ ಮಾಹಿತಿ ಸಭೆಯಲ್ಲಿ ಮಾಡಿದ ಭಾಷಣ)



ಕಣ್ಣಿನ ಆಪರೇಷನ್ ಅಂದ ಕೂಡಲೇ ನಮಗೆ ನೆನಪಾಗುವುದು ಪೊರೆ ತೆಗೆಯುವುದು. ಕ್ಯಾಂಪಿಗೆ ಹೋಗಿ ಲೆನ್ಸ್ ಹಾಕಿಸಿಕೊಂಡು ಬಂದವರು ಇಲ್ಲೇ ಕೆಲವರು ಕೂತಿದ್ದೀರಿ. ಪೊರೆ ಬರುವುದು ಕಣ್ಣಿನ ಮುಂಭಾಗದಲ್ಲಿ. ನಾನು ಇವತ್ತು ಹೇಳುವುದು ಕಣ್ಣಿನ ಒಳಗೆ, ಹಿಂದಿನ ಗೋಡೆಗೆ ಅಂಟಿಕೊಂಡಿರುವ ತೆಳುವಾದ ಪರದೆಯ ಬಗ್ಗೆ. ಅದೇ ಅಕ್ಷಿಪಟ, ಡಾಕ್ಟರರ ಬಾಯಲ್ಲಿ ರೆಟಿನಾ. ನಾವು ನೋಡಿದ್ದು ಚಿತ್ರವಾಗಿ ಬೀಳುವುದು ಅದರ ಮೇಲೆ.

“ಯಾರಾದ್ರೂ ಕಣ್ಣು ದಾನ ಮಾಡಿದ್ರೆ ಸರಿಹೋಗಲ್ವಾ?” ಅಂತ ಕೇಳುವವರಿದ್ದಾರೆ. ದಾನದ ಕಣ್ಣಿನಿಂದ ತೆಗೆದು ಹಾಕುವುದು ಮುಂದಿನ ಗಾಜಿನಂಥ ಪದರವನ್ನು ಮಾತ್ರ. ರೆಟಿನಾವನ್ನು ಹಾಗೆ ಬದಲಾಯಿಸಲು ಬರುವುದಿಲ್ಲ. ಇರುವುದನ್ನೇ ಉಳಿಸಿಕೊಳ್ಳಬೇಕು.

ಇದರಲ್ಲಿ ತಡ ಮಾಡಲೇಬಾರದ ಕಾಯಿಲೆ ಅಂದರೆ ರೆಟಿನಾ ಕಳಚಿಕೊಳ್ಳುವುದು. ಗೋಡೆಯ ಗಾರೆ ಬಿರುಕು ಬಿಟ್ಟು ಒಳಗೆ ನೀರು ಹೊಕ್ಕರೆ ಉಬ್ಬಿ ಕಳಚುತ್ತಲ್ಲ, ಹಾಗೇ. ರೆಟಿನಾದಲ್ಲಿ ತೂತು ಬೀಳುತ್ತದೆ, ಕಣ್ಣೊಳಗಿನ ದ್ರವ ಅದರ ಹಿಂದೆ ಸೇರುತ್ತದೆ. ಇದ್ದಕ್ಕಿದ್ದಂತೆ ಮಿಂಚು ಹೊಡೆದ ಹಾಗೆ, ಕಪ್ಪು ಚುಕ್ಕೆಗಳು ಮಸಿ ಉದುರಿದ ಹಾಗೆ, ಆಮೇಲೆ ಒಂದು ಪಕ್ಕದಿಂದ ಪರದೆ ಎಳೆದ ಹಾಗೆ ಕಾಣುತ್ತದೆ. ನೋವು ಮಾತ್ರ ಇರುವುದಿಲ್ಲ! ಅದಕ್ಕೇ ನಮ್ಮ ಹೆಂಗಸರು “ಕೊಯ್ಲು ಮುಗೀಲಿ, ಮದುವೆ ಮುಗೀಲಿ” ಅಂತ ಮುಂದೂಡುತ್ತಾರೆ. ನಡುಭಾಗ ಕಳಚುವ ಮೊದಲೇ ಹೋದರೆ ನೋಟ ಚೆನ್ನಾಗಿ ಉಳಿಯುವ ಸಾಧ್ಯತೆ ಹೆಚ್ಚು. ಇಲ್ಲಿ ದಿನಗಳ ಲೆಕ್ಕ. ಹೆಚ್ಚು ಮೈನಸ್ ಪವರ್ ಇರುವವರು, ಪೊರೆ ಆಪರೇಷನ್ ಆದವರು, ಕಣ್ಣಿಗೆ ಪೆಟ್ಟು ಬಿದ್ದವರು ಇದನ್ನು ನೆನಪಿಡಿ.

ನೂರೈವತ್ತು ವರ್ಷದ ಹಿಂದೆ ಇದಕ್ಕೆ ಮದ್ದೇ ಇರಲಿಲ್ಲ. ತೂತು ಮುಚ್ಚಿದರೆ ರೆಟಿನಾ ಮತ್ತೆ ಅಂಟುತ್ತದೆ ಎಂದು 1920ರ ದಶಕದಲ್ಲಿ ತೋರಿಸಿಕೊಟ್ಟವರು ಸ್ವಿಟ್ಜರ್ಲೆಂಡಿನ ಡಾಕ್ಟರ್ ಜೂಲ್ ಗೊನಾ. ಈಗ ಕಣ್ಣುಗುಡ್ಡೆಯ ಹೊರಗೋಡೆಗೆ ಸಿಲಿಕೋನ್ ಪಟ್ಟಿ ಹೊಲಿಯುತ್ತಾರೆ. ಅದು ಸಾಮಾನ್ಯವಾಗಿ ಅಲ್ಲೇ ಇರುತ್ತದೆ, ಹೊರಗೆ ಕಾಣುವುದಿಲ್ಲ. ಇಲ್ಲವೇ ಕಣ್ಣೊಳಗಿನ ಲೋಳೆಯನ್ನು ತೆಗೆದು ಗ್ಯಾಸ್ ಅಥವಾ ಸಿಲಿಕೋನ್ ಎಣ್ಣೆ ತುಂಬುತ್ತಾರೆ. ಗ್ಯಾಸ್ ಕೆಲವು ವಾರಗಳಲ್ಲಿ ತಾನೇ ಕರಗುತ್ತದೆ. ಎಣ್ಣೆಯನ್ನು ಸಾಮಾನ್ಯವಾಗಿ ಕೆಲವು ತಿಂಗಳ ನಂತರ ಇನ್ನೊಂದು ಆಪರೇಷನ್ ಮಾಡಿ ತೆಗೆಯಬೇಕು. ಆ ಎರಡನೇ ಆಪರೇಷನ್ನಿನ ಖರ್ಚನ್ನೂ ಮೊದಲೇ ಕೇಳಿಕೊಳ್ಳಿ.

ಗ್ಯಾಸ್ ಇರುವಾಗ ವಿಮಾನ ಹತ್ತಬಾರದು. ಮಂಗಳೂರಿನಲ್ಲಿ ಆಪರೇಷನ್ ಮಾಡಿಸಿಕೊಂಡು ಘಟ್ಟ ಹತ್ತಿ ಊರಿಗೆ ಹೋಗುವವರೂ ಡಾಕ್ಟರನ್ನು ಕೇಳಿಯೇ ಹೊರಡಬೇಕು. ಎತ್ತರಕ್ಕೆ ಹೋದಂತೆ ಗ್ಯಾಸ್ ಹಿಗ್ಗಿ ಕಣ್ಣಿನ ಒತ್ತಡ ಏರುತ್ತದೆ. ಇನ್ನು ಅನೇಕರಿಗೆ ಕೆಲವು ದಿನ ಮುಖ ಕೆಳಗೆ ಮಾಡಿಕೊಂಡೇ ಇರಲು ಹೇಳುತ್ತಾರೆ. ಊಟ, ನಿದ್ದೆ ಎಲ್ಲಾ ಹಾಗೇ. ಗಂಡಸಿಗಾದರೆ ಹೆಂಡತಿ ನೋಡಿಕೊಳ್ತಾಳೆ. ಹೆಂಡತಿಗೇ ಆದರೆ ಹಾಲು ಕರೆಯೋರು ಯಾರು, ಒಲೆ ಹಚ್ಚೋರು ಯಾರು? ಮೂರನೇ ದಿನಕ್ಕೇ ಎದ್ದು ಕೆಲಸಕ್ಕೆ ಇಳಿದರೆ ಮಾಡಿಸಿದ ಆಪರೇಷನ್ ಹಾಳಾಗಬಹುದು. ಸಂಘದವರು ಸರದಿ ಹಾಕಿಕೊಂಡು ಒಂದು ವಾರ ಆ ಮನೆಯ ಕೆಲಸ ಹಂಚಿಕೊಂಡರೆ, ಸಾಲ ಕೊಟ್ಟದ್ದಕ್ಕಿಂತ ದೊಡ್ಡ ಉಪಕಾರ.

ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆ ಹನಿ ಹಾಕಿಸಿ ರೆಟಿನಾ ತೋರಿಸಿ. ಕನ್ನಡಕದ ಅಂಗಡಿಯ ಪರೀಕ್ಷೆ ಸಾಲದು. ಹಾನಿ ಕಂಡರೆ ಲೇಸರ್, ಕಣ್ಣಿಗೆ ಇಂಜೆಕ್ಷನ್, ಇಲ್ಲವೇ ಅಕ್ಕಿಕಾಳಿಗಿಂತ ತೆಳುವಾದ ಔಷಧಿಯ ಕಡ್ಡಿ ಇಡುತ್ತಾರೆ. ಅದು ಕೆಲವು ತಿಂಗಳು ಔಷಧಿ ಬಿಡುತ್ತಾ ಕರಗಿಹೋಗುತ್ತದೆ.

ಈಗ ‘ಚಿಪ್’ ವಿಷಯ. ಇರುಳುಗುರುಡಿನಿಂದ ಶುರುವಾಗಿ ನೋಟ ಕಿರಿದಾಗುತ್ತಾ ಹೋಗುವ ವಂಶಪಾರಂಪರ್ಯ ಕಾಯಿಲೆ ಇದೆ. ರಕ್ತಸಂಬಂಧದ ಮದುವೆಗಳಲ್ಲಿ ಅದರ ಸಂಭವ ಹೆಚ್ಚು. ಅಂಥವರಿಗಾಗಿ ಅಮೆರಿಕದಲ್ಲಿ 2013ರಲ್ಲಿ ಆರ್ಗಸ್-2 ಎಂಬ ಸಾಧನಕ್ಕೆ ಒಪ್ಪಿಗೆ ಸಿಕ್ಕಿತು. ಕನ್ನಡಕದಲ್ಲಿ ಕ್ಯಾಮೆರಾ, ರೆಟಿನಾದ ಮೇಲೆ 60 ವಿದ್ಯುತ್ ಬಿಂದುಗಳು. ಕಂಡದ್ದು ಬಾಗಿಲು, ಕಿಟಕಿಯ ಬೆಳಕು, ನೆರಳಿನ ಅಂಚು, ಮುಖವಲ್ಲ. ಕೆಲವೇ ವರ್ಷಗಳಲ್ಲಿ ಕಂಪನಿ ತಯಾರಿಕೆ ನಿಲ್ಲಿಸಿತು, ಕಣ್ಣೊಳಗೆ ಯಂತ್ರ ಇಟ್ಟುಕೊಂಡವರು ರಿಪೇರಿಗೂ ದಿಕ್ಕಿಲ್ಲದಾದರು. ಹೊಸದು ಪ್ರೈಮಾ: 2 ಮಿಲಿಮೀಟರ್ ಅಗಲದ ಚಿಪ್, ವಯಸ್ಸಾಗಿ ರೆಟಿನಾದ ನಡುಭಾಗ ಸವೆದವರಿಗೆ. ಯೂರೋಪಿನ ಪ್ರಯೋಗದ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ಒಂದು ವರ್ಷದ ನಂತರ ಪರೀಕ್ಷಿಸಿದ 32 ಮಂದಿಯಲ್ಲಿ 26 ಮಂದಿಗೆ ಅಕ್ಷರ ಓದುವ ಶಕ್ತಿ ಸುಧಾರಿಸಿತ್ತು. ಸಂತೋಷದ ಸುದ್ದಿಯೇ. ಆದರೆ ಇದಕ್ಕೆ ವಿಶೇಷ ಕನ್ನಡಕ ಬೇಕು, ತಿಂಗಳುಗಟ್ಟಲೆ ಅಭ್ಯಾಸ ಬೇಕು. ಕಳಚಿದ ರೆಟಿನಾಕ್ಕಾಗಲಿ, ಸಕ್ಕರೆ ಕಾಯಿಲೆಯ ಹಾನಿಗಾಗಲಿ ಇದು ಮಾಡಿದ್ದಲ್ಲ.

ಆದ್ದರಿಂದ ಯಾರಾದರೂ “ಚಿಪ್ ಹಾಕಿ ಪೂರ್ತಿ ದೃಷ್ಟಿ ತರಿಸ್ತೀವಿ, ಎಣ್ಣೆ ಬಿಟ್ಟು ವಾಸಿ ಮಾಡ್ತೀವಿ” ಎಂದು ಮುಂಗಡ ಕೇಳಿದರೆ, ಸಂಘದಲ್ಲಿ ಸಾಲ ಮಂಜೂರು ಮಾಡುವ ಮುನ್ನ ರೆಟಿನಾ ಡಾಕ್ಟರರ ಚೀಟಿ ತರಲು ಹೇಳಿ. ಬೆಂಗಳೂರಿನಲ್ಲಿ ಸರ್ಕಾರದ ಮಿಂಟೋ ಕಣ್ಣಾಸ್ಪತ್ರೆ ಇದೆ, ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಹೋಗುವಾಗ ಆಯುಷ್ಮಾನ್ ಕಾರ್ಡು, ರೇಷನ್ ಕಾರ್ಡು, ಹಳೆಯ ಚೀಟಿಗಳು ಜೊತೆಗಿರಲಿ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.