ದೊರೆಗಳ ಮನೆಯ ಅಡುಗೆಯವರು



ಮಲೇಷ್ಯಾದ ಕ್ವಾಲಾಲಂಪುರದಲ್ಲೋ ಪೆನಾಂಗಿನಲ್ಲೋ ಹಳೇ ಬೀದಿಯ ಕೋಪಿತಿಯಾಮಿಗೆ ಹೋಗಿ ಕೂತಿದ್ದೀರಿ ಎಂದುಕೊಳ್ಳಿ. ಕೋಪಿತಿಯಾಮ್ ಅಂದರೆ ಆ ದೇಶದ ಬಡಾವಣೆಯ ಕಾಫಿ ಹೋಟೆಲು. ಅಮೃತಶಿಲೆಯ ದುಂಡು ಮೇಜು, ಮರದ ಕುರ್ಚಿ, ತಲೆಯ ಮೇಲೆ ನಿಧಾನಕ್ಕೆ ತಿರುಗುವ ಫ್ಯಾನು. ಪಕ್ಕದ ಮೇಜಿನವರ ತಟ್ಟೆಯಲ್ಲಿ ನಾಸಿ ಲೆಮಾಕ್ ಇದೆ. ತೆಂಗಿನ ಹಾಲಿನಲ್ಲಿ ಪಾಂಡನ್ ಎಲೆ ಹಾಕಿ ಬೇಯಿಸಿದ ಅನ್ನ, ಮಗ್ಗುಲಲ್ಲಿ ಒಣಮೆಣಸಿನಕಾಯಿಯ ಕೆಂಪು ಸಂಬಾಲ್, ಹುರಿದ ಕಡಲೆಕಾಯಿ ಬೀಜ, ಕರಿದ ಸಣ್ಣ ಮೀನು, ಎರಡು ಹೋಳು ಸೌತೆಕಾಯಿ. ಆಚೆ ಮೇಜಿನಲ್ಲಿ ಅಜ್ಜ, ಮೊಮ್ಮಗ ಇಬ್ಬರೂ ಚಾಕು, ಫೋರ್ಕು ಹಿಡಿದು ಚಿಕನ್ ಚಾಪ್ ತಿನ್ನುತ್ತಿದ್ದಾರೆ. ಬಿಳಿಯರ ಊಟ, ಮಲಯದ ಊಟ ಎರಡೂ ಒಂದೇ ಸೂರಿನಡಿ ಹೀಗೆ ಸಲೀಸಾಗಿ ಬಂದು ಕೂತದ್ದು ಹೇಗೆ?

ಇದರ ಹಿಂದೆ ಹೈನಾನ್ ದ್ವೀಪದವರ ಹೊಟ್ಟೆಪಾಡಿನ ಕಥೆಯಿದೆ. ಹೈನಾನ್ ಇರುವುದು ಚೀನಾದ ದಕ್ಷಿಣ ತುದಿಯಲ್ಲಿ. ಅಲ್ಲಿನ ಜನ ಮಲಯಕ್ಕೆ, ಅಂದರೆ ಇಂದಿನ ಮಲೇಷ್ಯಾದ ನೆಲಕ್ಕೆ, ಬಂದದ್ದು ಉಳಿದ ಚೀನೀಯರಿಗಿಂತ ತಡವಾಗಿ. ಅಷ್ಟು ಹೊತ್ತಿಗೆ ವ್ಯಾಪಾರ, ತವರದ ಗಣಿ ಎಲ್ಲ ಮೊದಲೇ ಬಂದವರ ಹಿಡಿತಕ್ಕೆ ಹೋಗಿತ್ತು. ತಡವಾಗಿ ಬಂದವರ ಪಾಲಿಗೆ ಉಳಿದದ್ದು ಚಾಕರಿ. ಬ್ರಿಟಿಷ್ ಅಧಿಕಾರಿಗಳ ಬಂಗಲೆ, ರಬ್ಬರ್ ತೋಟದ ದೊರೆಗಳ ಮನೆ, ಕ್ಲಬ್ಬು, ಹಡಗು, ಹೀಗೆ ಎಲ್ಲಿ ಒಲೆ ಉರಿಯುತ್ತಿತ್ತೋ ಅಲ್ಲಿ ಸೌಟು ಹಿಡಿದರು. ತಾವು ಹುಟ್ಟಿದಾಗಿನಿಂದ ಕಂಡಿರದ ರೋಸ್ಟು, ಸ್ಟ್ಯೂ, ಬ್ರೆಡ್ಡುಗಳನ್ನು ಯಜಮಾನಿಯ ಬಾಯಿಮಾತು ಕೇಳಿ ಕಲಿತರು. ಆಮೇಲೆ ಆ ವಿದ್ಯೆಯನ್ನೇ ಬಂಡವಾಳ ಮಾಡಿಕೊಂಡು ಬೀದಿಗೆ ಬಂದು ಹೋಟೆಲು ಹಾಕಿದರು. ಕ್ವಾಲಾಲಂಪುರದಲ್ಲಿ ಕೊಲಿಸಿಯಮ್ ಕೆಫೆ ಶುರುವಾದದ್ದು 1921ರಲ್ಲಿ, ಯುಟ್ ಕೀ 1928ರಲ್ಲಿ. ಎರಡೂ ಹೈನಾನಿನವರು ಕಟ್ಟಿದ ಹೋಟೆಲುಗಳು.

ಆ ಚಿಕನ್ ಚಾಪನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕೋಳಿಯ ತೊಡೆಯಿಂದ ಮೂಳೆ ಬಿಡಿಸಿ, ಹಿಟ್ಟು ಹಚ್ಚಿ, ಹೊರಗೆ ಗರಿಗರಿಯಾಗುವಂತೆ ಕರಿಯುತ್ತಾರೆ. ಮೇಲೆ ಈರುಳ್ಳಿ, ಟೊಮೆಟೊ, ಹಸಿರು ಬಟಾಣಿ ಹಾಕಿದ ಕಂದು ಗ್ರೇವಿ ಸುರಿಯುತ್ತಾರೆ. ಗ್ರೇವಿಗೆ ಚೀನಾದ ಸೋಯಾ ಸಾಸೂ ಬೀಳುತ್ತದೆ, ಇಂಗ್ಲೆಂಡಿನ ವೂಸ್ಟರ್ ಸಾಸೂ ಬೀಳುತ್ತದೆ. ಹಾಗೆ ನೋಡಿದರೆ ವೂಸ್ಟರ್ ಊರಿನಲ್ಲಿ 1837ರಿಂದ ಮಾರಾಟಕ್ಕೆ ಬಂದ ಆ ಸಾಸಿನ ಹುಳಿಯಲ್ಲೂ ಹುಣಸೆಹಣ್ಣಿದೆ, ನಾವು ಸಾರಿಗೆ ಕಿವುಚುವ ಅದೇ ಹುಣಸೆಹಣ್ಣು. ಅಪ್ಪಟ ಪಾಶ್ಚಾತ್ಯ ಊಟ ಎಂದು ನಾವು ಕರೆಯುವುದೂ ಒಂದು ಸುತ್ತು ಪೂರ್ವಕ್ಕೆ ಬಂದು ಹೋದದ್ದೇ. ಇಂಥ ತಟ್ಟೆಯನ್ನು ನಕಲು ಊಟ ಎಂದು ಮೂಗು ಮುರಿಯುವವರ ಮಾತು ನನಗೆ ಒಪ್ಪಿಗೆಯಿಲ್ಲ. ಹೇಳಿದ್ದಷ್ಟನ್ನೇ ಮಾಡಿ ಕೈ ತೊಳೆದುಕೊಳ್ಳಬಹುದಾಗಿದ್ದವರು ತಮ್ಮ ನಾಲಿಗೆಯ ರುಚಿಯನ್ನೂ ಅದಕ್ಕೆ ಸೇರಿಸಿದರು. ಅದು ಅಡುಗೆಯವರ ಸ್ವಂತ ಬುದ್ಧಿ, ಸ್ವಂತ ಸೃಷ್ಟಿ. ಕಾಯಾ ಟೋಸ್ಟನ್ನೇ ತೆಗೆದುಕೊಳ್ಳಿ. ಬ್ರೆಡ್ಡು ದೊರೆಗಳದ್ದು. ಅದರ ಮೇಲೆ ಸವರಿದ ಕಾಯಾ ತೆಂಗಿನ ಹಾಲು, ಮೊಟ್ಟೆ, ಸಕ್ಕರೆ ಸೇರಿಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ ತಿರುವಿ ಇಳಿಸಿದ್ದು. ಒಂದು ಗಳಿಗೆ ಮೈಮರೆತರೂ ಮೊಟ್ಟೆ ಒಡೆದು ಗಂಟು ಕಟ್ಟುತ್ತದೆ.

ನಮ್ಮಲ್ಲೂ ಆ ಕಾಲಕ್ಕೇ ಇಂಥದೇ ಒಂದು ಕಥೆ ನಡೆಯಿತು. ಉಡುಪಿ ಸೀಮೆಯ ಪಾರಂಪಳ್ಳಿಯಿಂದ ಬೆಂಗಳೂರಿಗೆ ಬಂದ ಮಯ್ಯ ಸಹೋದರರು ಮೊದಲು ಮಾಡಿದ್ದು ದೊಡ್ಡವರ ಮನೆಗಳಲ್ಲಿ ಅಡುಗೆ ಕೆಲಸ. 1924ರಲ್ಲಿ ಅವರು ಲಾಲ್‌ಬಾಗಿನ ಬಳಿ ತೆರೆದ ಪುಟ್ಟ ಕಾಫಿ ಕ್ಲಬ್ಬೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಕೊಲಿಸಿಯಮ್ಮಿಗೂ ಯುಟ್ ಕೀಗೂ ನಡುವಿನ ವರ್ಷ ಅದು. ಒಂದು ಕಡೆ ಕೋಳಿ, ಇನ್ನೊಂದು ಕಡೆ ಇಡ್ಲಿ. ಎರಡೂ ಕಡೆ ಒಬ್ಬ ಯಜಮಾನನ ಮನೆಗೆ ಮೀಸಲಾಗಿದ್ದ ಕೈರುಚಿ ಬೀದಿಗೆ ಬಂದು, ಕಾಸು ಕೊಟ್ಟವರಿಗೆಲ್ಲ ಸಿಕ್ಕಿತು.

ಎಲ್ಲರಿಗೂ ಎಲ್ಲವೂ ಒಗ್ಗಿತು ಎಂದು ಹೇಳುತ್ತಿಲ್ಲ. ಹಳೆಯ ಹೈನಾನ್ ಹೋಟೆಲುಗಳಲ್ಲಿ ಹಂದಿ ಮಾಂಸವೂ ಬೇಯುತ್ತಿದ್ದುದರಿಂದ ಮಲಯದ ಮುಸ್ಲಿಮರು ದೂರವೇ ಉಳಿದರು. ಅದಕ್ಕೂ ದಾರಿ ಹುಡುಕಿಕೊಂಡಿದ್ದಾರೆ. ಹಲಾಲ್ ಕೋಪಿತಿಯಾಮುಗಳು ಈಗ ಊರೂರಲ್ಲಿವೆ, ಮಲಯರೇ ನಡೆಸುವ ಹೋಟೆಲುಗಳ ಮೆನುವಿನಲ್ಲೂ ಚಿಕನ್ ಚಾಪ್ ಇದೆ. ನಾಸಿ ಲೆಮಾಕ್, ತಮಿಳುನಾಡಿನ ಕಡಲಂಚಿನ ಮುಸ್ಲಿಮರು ಕೊಂಡೊಯ್ದ ರೊಟಿ ಚನಾಯ್, ಎತ್ತರದಿಂದ ಸುರಿದು ನೊರೆ ಬರಿಸುವ ತೆಹ್ ತಾರಿಕ್ ಚಹಾ, ಇವೆಲ್ಲ ಸೇರಿದ ಮಲೇಷ್ಯಾದ ಬೆಳಗಿನ ತಿಂಡಿಯ ಸಂಸ್ಕೃತಿಯನ್ನು ಯುನೆಸ್ಕೊ 2024ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಸಂತೋಷದ ಸುದ್ದಿ. ಆದರೆ ದೊರೆಗಳ ಬಂಗಲೆಯ ಹಿಂಬದಿಯಲ್ಲಿ ಹೊಗೆ ಕುಡಿಯುತ್ತಾ ಮೊದಲ ಗ್ರೇವಿ ಕುದಿಸಿದವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ನನ್ನನ್ನು ಕಾಡುವುದು ಇದು.

ಇವತ್ತು ನಮ್ಮ ಬಡಾವಣೆಯ ಹೋಟೆಲುಗಳ ಅಡುಗೆಮನೆಯಲ್ಲೂ ಎಲ್ಲೆಲ್ಲಿಂದಲೋ ಬಂದವರು ನಿಂತಿದ್ದಾರೆ. ತಮ್ಮ ಊರಲ್ಲಿ ತಿನ್ನದ ದೋಸೆಯನ್ನು ನಮಗಾಗಿ ಹದವಾಗಿ ಹುಯ್ಯುತ್ತಿದ್ದಾರೆ. ಮುಂದಿನ ಸಲ ಹೋದಾಗ, ತಿಂಡಿ ಚೆನ್ನಾಗಿದ್ದರೆ, ಬಿಲ್ಲು ಕೊಟ್ಟು ಹಾಗೇ ಹೊರಡಬೇಡಿ. ಒಲೆಯ ಮುಂದಿರುವವರ ಹೆಸರು ಕೇಳಿ, ಊರು ಕೇಳಿ, ಚೆನ್ನಾಗಿತ್ತು ಎಂದು ಅವರಿಗೇ ಹೇಳಿ ಬನ್ನಿ.